ಕಲ್ಲೂರಿನ ಎಲೆ ತೊಳೆದ ನೀರು

ಎಲೆ ಕೊಳೆಯುವುದನ್ನು ನೋಡಿಕೊಳ್ಳಲು ಸರ್ಕಾರ ಒಬ್ಬ ಮನುಷ್ಯನನ್ನು ನೇಮಿಸಿಕೊಳ್ಳುತ್ತದೆ ಎಂದರೆ ನಮ್ಮ ತಂದೆ ನಂಬಲಿಲ್ಲ. ಅವರು ರಾಯಚೂರಿನ ಒಂದು ಗುಡಿಯಲ್ಲಿ ಅರ್ಚಕರಾಗಿದ್ದರು. ದೇವರ ಮೇಲಿನ ತುಳಸಿ ಬಾಡಿದರೆ ತೆಗೆದು ಗಿಡದ ಬುಡಕ್ಕೆ ಹಾಕುವುದು, ಎಲೆಯ ವಿಷಯದಲ್ಲಿ ಅವರ ಶಾಸ್ತ್ರ ಅಲ್ಲಿಗೆ ಮುಗಿಯುತ್ತಿತ್ತು. "ಎಲಿ ತಾನೇ ಕೊಳೀತದಲ್ಲೋ, ಅದನ್ನ ನೋಡ್ಲಿಕ್ಕೆ ಬಿ.ಎಸ್ಸಿ. ಯಾಕ ಓದಬೇಕಾಗಿತ್ತು?" ಎಂದು ಕೇಳಿದರು. ನಾನು ಊಟ ಮುಗಿಸಿ ಊರಿನ ಮಣ್ಣು ಪರೀಕ್ಷೆಯ ಲ್ಯಾಬಿಗೆ ಹೊರಟೆ.

ಈಗ ಮಣ್ಣು ಪರೀಕ್ಷೆಯ ಲ್ಯಾಬುಗಳಿಗೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, "ನಿಮ್ಮ ಕಾಲದಾಗ ಹೆಂಗ ಮಾಡ್ತಿದ್ರಿ ಸರ್?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ನಿವೃತ್ತಿಯ ದಿನ ಹೊದಿಸಿದ ಶಾಲು ಇವೆಲ್ಲ ಎಲ್ಲ ನೌಕರರಿಗೂ ಒಂದೇ ಥರ ಬರುತ್ತವೆ. ಅವನ್ನು ಬಿಟ್ಟಿದ್ದೇನೆ. ನಾನು ಮಾಡಿದ ತಪ್ಪನ್ನು ಮಾತ್ರ ಬಿಟ್ಟಿಲ್ಲ, ಏಕೆಂದರೆ ಅದು ನನ್ನೊಬ್ಬನದೇ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಕಡೆ ಬಳ್ಳಾರಿ ಜಾಲಿ ಎನ್ನುವ ಮುಳ್ಳಿನ ಮರ ಆಗಲೇ ಕೆರೆಯಂಗಳ, ಕಾಲುವೆ ದಂಡೆ, ಬೀಳುಬಿದ್ದ ಹೊಲ ಎಲ್ಲವನ್ನೂ ಹಿಡಿದಿತ್ತು. ಹೊರದೇಶದ ಮರ, ಸೌದೆಗೆಂದು ಯಾರೋ ತಂದು ಬಿತ್ತಿದ್ದು. ಆಡುಗಳು ಅದರ ಕಾಯಿ ತಿಂದು ಹೋದಲ್ಲೆಲ್ಲ ಹಿಕ್ಕಿ ಹಾಕಿ ಬೀಜ ಹರಡಿದವು. ಜನ ಅದನ್ನು ಬೈಯುತ್ತಿದ್ದರು, ಅದರ ಕಟ್ಟಿಗೆಯಲ್ಲೇ ರೊಟ್ಟಿ ಸುಡುತ್ತಿದ್ದರು. ಚಳಿಗಾಲ ಕಳೆಯುತ್ತಿದ್ದಂತೆ ಅದರ ಸಣ್ಣ ಸಣ್ಣ ಎಲೆ ಉದುರಿ ನೆಲದ ಮೇಲೆ ಬೆರಳುದ್ದ ದಪ್ಪ ಕೂಡುತ್ತಿತ್ತು. ಆ ಎಲೆ ಎಷ್ಟು ತಿಂಗಳಲ್ಲಿ ಕೊಳೆಯುತ್ತದೆ, ಅದರಲ್ಲಿರುವ ಸಾರಜನಕ, ರಂಜಕ, ಪೊಟ್ಯಾಷ್ ಯಾವಾಗ ಮಣ್ಣಿಗೆ ಸೇರುತ್ತದೆ, ಅದನ್ನು ಗುಡಿಸಿ ಹೊಲಕ್ಕೆ ಹಾಕಿದರೆ ಲಾಭವಿದೆಯೋ ಇಲ್ಲವೋ ಎಂಬುದು ನಮ್ಮ ಪ್ರಶ್ನೆ.

ನಮ್ಮ ಎನ್ನುವುದು ಜಂಬದ ಮಾತು. ಪ್ರಶ್ನೆ ಹಿರೇಮಠ ಸರ್ ಅವರದು. ನನ್ನ ಮೇಲಧಿಕಾರಿ, ನನಗಿಂತ ಹತ್ತು ವರ್ಷ ದೊಡ್ಡವರು. ಈ ಎಲೆಯ ಮೇಲೆಯೇ ಪಿಎಚ್.ಡಿ. ಮಾಡುತ್ತಿದ್ದರು. ಅವರ ಹೆಂಡತಿ ಧಾರವಾಡದಲ್ಲಿ ಶಾಲೆಯ ಟೀಚರು, ಒಬ್ಬಳೇ ಮಗಳು ತಾಯಿಯ ಹತ್ತಿರ. ಇವರು ರಾಯಚೂರಿನಲ್ಲಿ ಒಂದು ಖೋಲಿ ಹಿಡಿದು ಖಾನಾವಳಿಯಲ್ಲಿ ಊಟ ಮಾಡಿಕೊಂಡಿದ್ದರು. ಧಾರವಾಡದಲ್ಲಿ ಪಾಠ ಹೇಳುವ ಒಂದು ಹುದ್ದೆ ಖಾಲಿಯಾಗುವುದಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸಿದರೆ ಅದು ಇವರಿಗೇ ಎಂದು ಎಲ್ಲರೂ ಹೇಳುತ್ತಿದ್ದರು. ಹೀಗಾಗಿ ಜಾಲಿಯ ಎಲೆ ಬೇಗ ಕೊಳೆಯಲಿ ಎಂದು ಕಾಯುತ್ತಿದ್ದ ಮನುಷ್ಯ ಇಡೀ ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು.

ಕೆಲಸದ ರೀತಿ ಹೀಗೆ. ನೈಲಾನ್ ಜಾಳಿಗೆಯ ಅಂಗೈಯಗಲದ ಚೀಲ ಹೊಲಿಯಬೇಕು. ಒಣಗಿದ ಎಲೆಯನ್ನು ತೂಗಿ ಅದರಲ್ಲಿ ತುಂಬಿ, ಬಾಯಿ ಹೊಲಿದು, ಮರದ ಕೆಳಗೆ ನೆಲದ ಮೇಲಿಟ್ಟು ನಾಲ್ಕು ಮೂಲೆಗೆ ಮೊಳೆ ಹೊಡೆಯಬೇಕು. ತಿಂಗಳಿಗೊಮ್ಮೆ ಹೋಗಿ ಕೆಲವು ಚೀಲ ಎತ್ತಿಕೊಂಡು ಬಂದು, ಉಳಿದ ಎಲೆಯನ್ನು ಒಣಗಿಸಿ ತೂಗಿ, ಪುಡಿ ಮಾಡಿ, ಅದರಲ್ಲಿ ಏನೇನು ಉಳಿದಿದೆ ನೋಡಬೇಕು. ಮೂರು ಜಾಗ ಗೊತ್ತು ಮಾಡಿದ್ದೆವು. ರಾಯಚೂರಿನಲ್ಲಿ ಲ್ಯಾಬಿನ ಹಿಂದಿನ ಕೆಂಪು ಮಣ್ಣು, ದೇವದುರ್ಗ ತಾಲೂಕಿನ ಗೂಗಲ್‌ನಲ್ಲಿ ಕೃಷ್ಣೆಯ ದಂಡೆಯ ಮರಳು ಮಣ್ಣು, ಮಾನ್ವಿ ತಾಲೂಕಿನ ಕಲ್ಲೂರಿನ ಕರಿಮಣ್ಣು.

ಜಾಳಿಗೆ ತರಲು ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರದ ಬಟ್ಟೆ ಅಂಗಡಿಗೆ ಹೋದೆ. ಸೊಳ್ಳೆ ಪರದೆಯ ಥಾನು ಬಿಚ್ಚಿದ ಅಂಗಡಿಯವನು "ಎಷ್ಟ್ ಮಂಚಕ್ಕ ಬೇಕ್ರಿ?" ಎಂದ. "ಮಂಚಕ್ಕಲ್ರಿ, ಜಾಲಿ ಎಲಿಗೆ" ಎಂದೆ. ಅವನು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಅಳೆದು ಹರಿದು ಕೊಟ್ಟ.

ಆ ಮೊದಲ ಚೀಲಗಳ ಕಥೆ ಕೇಳಿದರೆ ನೀವು ನಗುತ್ತೀರಿ. ಒಂದೇ ತಿಂಗಳಲ್ಲಿ ಕಾಲು ಭಾಗ ಎಲೆ ಮಾಯ. ಹಿರೇಮಠ ಸರ್ ಖುಷಿಯಿಂದ ಲೆಕ್ಕ ಬರೆದುಕೊಂಡರು. ಆಮೇಲೆ ಜೀಪಿನ ಹಿಂದಿನ ಸೀಟಿನ ಕೆಳಗೆ ಕೈಹಾಕಿದ ಡ್ರೈವರು ಒಂದು ಬೊಗಸೆ ಜಾಲಿ ಎಲೆ ತೆಗೆದು ಟೇಬಲ್ಲಿನ ಮೇಲೆ ಸುರಿದ. ಹುಣಸೆ ಎಲೆಗಿಂತ ಸಣ್ಣ ಎಲೆ, ಸೊಳ್ಳೆ ಪರದೆಯ ಕಣ್ಣಿನಲ್ಲಿ ಆರಾಮಾಗಿ ಇಳಿದು ಹೋಗಿತ್ತು. ಸರ್ ಒಂದು ಎಲೆಯನ್ನು ಚೀಲದ ಕಣ್ಣಿಗೆ ಹಿಡಿದು ನೋಡಿ, "ಇದು ಕೊಳತದ್ದಲ್ಲ ಆಚಾರ್ರ, ಸೋರಿದ್ದು" ಎಂದರು. ಅರ್ಚಕರ ಮಗನಾದ್ದರಿಂದ ಎಲ್ಲರೂ ನನ್ನನ್ನು ಆಚಾರ್ರ ಎಂದೇ ಕರೆಯುತ್ತಿದ್ದರು. ಬೇರೆ ಸಣ್ಣ ಕಣ್ಣಿನ ಜಾಳಿಗೆ ತಂದು ಎಲ್ಲ ಚೀಲ ಮತ್ತೆ ಹೊಲಿಸಿದೆವು.

ಗೂಗಲ್‌ನಲ್ಲಿ ಬೇರೆ ಥರದ ಕಷ್ಟ. ಎರಡನೇ ತಿಂಗಳು ಹೋದಾಗ ಚೀಲಗಳ ಮೇಲೆಲ್ಲ ಅರಿಶಿನ ಕುಂಕುಮ, ಕೊಯ್ದ ನಿಂಬೆಹಣ್ಣು. ಹೆಣ್ಣುಮಕ್ಕಳು ಆ ಮರ ಬಿಟ್ಟು ದೂರದಿಂದ ಸುತ್ತಿ ಹೊಳೆಗೆ ನೀರಿಗೆ ಹೋಗುತ್ತಿದ್ದರು. ಗಿಡದ ಬುಡಕ್ಕೆ ಗಂಟು ಇಟ್ಟು ನಾಲ್ಕು ಕಡೆ ಕಬ್ಬಿಣದ ಮೊಳೆ ಹೊಡೆದರೆ ಯಾರಿಗಾದರೂ ಏನನ್ನಿಸಬೇಕು? ಮಾಟ ಎಂದೇ ಅನ್ನಿಸಬೇಕು. ಅಲ್ಲಮಪ್ರಭುವಿನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರ ಮುಂದೆ ಒಂದು ಚೀಲ ಬಿಚ್ಚಿ ಒಳಗಿನ ಎಲೆ ತೋರಿಸಿದೆ. ಒಬ್ಬ ಅಜ್ಜ ಮೂಸಿ ನೋಡಿ, "ಬರೇ ಎಲಿ ಅದಲ್ಲೋ ಯಪ್ಪಾ. ಇದಕ್ಕ ಮೊಳಿ ಯಾಕ ಹೊಡದ್ರಿ, ಓಡಿ ಹೋಗ್ತದೇನು?" ಎಂದ. ಎಲ್ಲರೂ ನಕ್ಕರು. ಆವತ್ತಿನಿಂದ ಚೀಲ ಮುಟ್ಟಿದವರಿಲ್ಲ. ಕುಂಕುಮ ಬಿದ್ದ ಚೀಲಗಳನ್ನು ಲೆಕ್ಕದಿಂದ ತೆಗೆದೆವು.

ಇನ್ನು ನನ್ನ ಮನೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಮುಂದಿನದು ಅರ್ಥವಾಗಲು. ನಮ್ಮಲ್ಲಿ ಮಡಿ ಜಾಸ್ತಿ. ಹೊರಗಿನಿಂದ ಬಂದ ಯಾವ ವಸ್ತುವೂ ನೀರು ಕಾಣದೆ ಒಳಗೆ ಹೋಗುವ ಹಾಗಿರಲಿಲ್ಲ. ತರಕಾರಿ ತೊಳೆಯಬೇಕು, ಕಾಲು ತೊಳೆಯಬೇಕು, ಅಂಗಡಿಯಿಂದ ತಂದ ಬೆಲ್ಲದ ಮೇಲೂ ನಮ್ಮ ತಾಯಿ ನಾಲ್ಕು ಹನಿ ಚಿಮುಕಿಸುತ್ತಿದ್ದರು. ಲ್ಯಾಬಿನಲ್ಲಿ ನಾನು ಗಂಧಕಾಮ್ಲದಲ್ಲಿ ಎಲೆಯ ಪುಡಿ ಕುದಿಸಿ, ಪ್ಯಾಂಟಿಗೆ ತೂತು ಬೀಳಿಸಿಕೊಂಡು, ಅಮೋನಿಯದ ವಾಸನೆ ಹೊತ್ತು ಮನೆಗೆ ಬಂದರೆ ಹಿತ್ತಲಿನಲ್ಲೇ ಎರಡು ಕೊಡ ನೀರು ತಲೆಯ ಮೇಲೆ ಬೀಳುತ್ತಿತ್ತು. ನೀರು ಹಾಕಿದರೆ ಶುದ್ಧ. ಇದು ನನಗೆ ಯಾರೂ ಕಲಿಸಿದ್ದಲ್ಲ, ಕೈಗೇ ಬಂದಿದ್ದು.

ಕಲ್ಲೂರಿನ ಚೀಲಗಳಿದ್ದದ್ದು ಇಮಾಮ್‌ಸಾಬ ಎಂಬ ರೈತನ ಹೊಲದ ದಂಡೆಯ ಜಾಲಿ ಮರಗಳ ಕೆಳಗೆ. ಹೊಲಕ್ಕೆ ಹೊಂದಿಕೊಂಡೇ ಮನೆ. ಇಮಾಮ್‌ಸಾಬ ಒಂದಿಷ್ಟು ಒಕ್ಕಲುತನ ಮಾಡುತ್ತಿದ್ದ, ಸಂತೆಯ ದಿನ ಮಾನ್ವಿಗೆ ಉಳ್ಳಾಗಡ್ಡಿ ಮಾರಲು ಹೋಗುತ್ತಿದ್ದ. ಮನೆಯಲ್ಲಿರುತ್ತಿದ್ದವಳು ಅವನ ಹೆಂಡತಿ ಖಾಜಾಬಿ. ಐವತ್ತರ ಹತ್ತಿರದ ಹೆಂಗಸು, ಗಂಡನ ಜೊತೆ ದಖ್ಖನಿ ಉರ್ದು, ನಮ್ಮ ಜೊತೆ ಕನ್ನಡ. ಜೀಪಿನ ಸದ್ದು ಕೇಳಿದರೆ ಒಳಗಿನಿಂದಲೇ "ಆಚಾರ್ ಆಯೇ ಜೀ" ಎಂದು ಗಂಡನಿಗೆ ಕೂಗಿ, ಹೊರಗೆ ಬಂದು "ಬರ್ರಿ ಆಚಾರ್ರ, ನಿಮ್ಮ ಎಲಿ ಸತ್ತಾವೋ ಬದುಕ್ಯಾವೋ ನೋಡ್ರಿ" ಎನ್ನುತ್ತಿದ್ದಳು.

ಮೊದಲ ಸಲ ಚೀಲ ಎತ್ತಲು ಹೋದಾಗ ಅವುಗಳ ಮೇಲೆಲ್ಲ ಆಡಿನ ಹಿಕ್ಕಿ. ಹಿಟ್ಟಿನಂಥ ಕರಿಮಣ್ಣಿನ ಧೂಳು ಆಡಿನ ಉಚ್ಚೆಯಲ್ಲಿ ನೆನೆದು ಎಲೆಗೆ ಮೆತ್ತಿಕೊಂಡಿತ್ತು. ಸರ್ ಹೇಳಿಕೊಟ್ಟಿದ್ದು ಬ್ರಷ್ಷಿನಿಂದ ಉಜ್ಜಿ ಮಣ್ಣು ತೆಗೆಯಬೇಕೆಂದು. ರಾಯಚೂರಿನ ಚೀಲಕ್ಕೂ ಗೂಗಲ್‌ನ ಚೀಲಕ್ಕೂ ಹಾಗೆಯೇ ಮಾಡಿದ್ದೆ, ಮರಳು ಝಾಡಿಸಿದರೆ ಬೀಳುತ್ತಿತ್ತು. ಇದು ಬೀಳುವಂಥದ್ದಲ್ಲ. ಆ ಹಿಕ್ಕಿಯನ್ನು ಕೈಯಿಂದ ಮುಟ್ಟಿ ಬಿಡಿಸಲು ನನಗೆ ಮನಸ್ಸಾಗಲಿಲ್ಲ. ಹಸುವಿನ ಸಗಣಿಯಾಗಿದ್ದರೆ ಬಹುಶಃ ಏನೂ ಅನ್ನಿಸುತ್ತಿರಲಿಲ್ಲ. ಖಾಜಾಬಿಯನ್ನು ಒಂದು ಬಕೆಟ್ ನೀರು ಕೇಳಿದೆ. ಅವಳು ಬಾವಿಯಿಂದ ಸೇದಿ ಕೊಟ್ಟಳು. ಎಲೆಯನ್ನು ಅದರಲ್ಲಿ ಅದ್ದಿ, ಅಲ್ಲಾಡಿಸಿ, ಸೋಸಿ, ಬಟ್ಟೆಯ ಮೇಲೆ ಹರವಿದೆ. ಎಲೆ ಎಷ್ಟು ಸ್ವಚ್ಛವಾಯಿತೆಂದರೆ ನಮ್ಮ ತಾಯಿ ಕೂಡ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಬಕೆಟ್ಟಿನ ನೀರು ಕಡಕ್ ಚಹಾದ ಬಣ್ಣಕ್ಕೆ ತಿರುಗಿತ್ತು. ಚೆಲ್ಲಲು ಹೋದೆ. "ತಡೀರಿ, ನೀರ್ ಯಾಕ ದಂಡ ಮಾಡ್ತೀರಿ" ಎಂದು ಖಾಜಾಬಿ ಬಕೆಟ್ ಇಸಿದುಕೊಂಡು ಬಚ್ಚಲ ಪಕ್ಕದ ಹೀರೇಕಾಯಿ ಬಳ್ಳಿಗೆ ಹಾಕಿದಳು.

ಲ್ಯಾಬಿನಲ್ಲಿ ಆ ಎಲೆ ನೋಡಿ ಹಿರೇಮಠ ಸರ್ ಎಲ್ಲರನ್ನೂ ಕರೆದರು. "ಸ್ಯಾಂಪಲ್ ಅಂದ್ರ ಹಿಂಗಿರಬೇಕು. ಒಂದ್ ಕಣ ಮಣ್ಣಿಲ್ಲ. ನೋಡಿ ಕಲೀರಿ" ಎಂದರು. ಕೆಲಸಕ್ಕೆ ಸೇರಿದ ಮೇಲೆ ನನಗೆ ಸಿಕ್ಕ ಮೊದಲ ಹೊಗಳಿಕೆ. ಆಮೇಲೆ ಕಲ್ಲೂರಿನ ಎಲೆಯನ್ನು ನಾನು ಒಂದು ಸಲವೂ ತೊಳೆಯದೆ ತರಲಿಲ್ಲ. ಮೊದಮೊದಲು ಬರೀ ಅದ್ದುತ್ತಿದ್ದವನು ಕಾಲು ಗಂಟೆ ನೆನೆಹಾಕುವಷ್ಟು ಜಾಣನಾದೆ. ಹೀಗೆ ಎರಡು ವರ್ಷ ನಡೆಯಿತು.

ಎರಡು ವರ್ಷದ ಅಂಕಿಗಳನ್ನು ಸರ್ ಗ್ರಾಫಿನ ಹಾಳೆಗೆ ಇಳಿಸಿದಾಗ ಪೊಟ್ಯಾಷಿನ ಗೆರೆ ಎಲ್ಲರ ಕಣ್ಣು ಸೆಳೆಯಿತು. ರಾಯಚೂರು, ಗೂಗಲ್ ಎರಡರಲ್ಲೂ ಬೇಸಿಗೆ ಮುಗಿಯುವ ತನಕ ಗೆರೆ ಅಡ್ಡಡ್ಡ ಹೋಗಿ, ಮಳೆ ಬಿದ್ದ ಮೇಲೆ ಕೆಳಗಿಳಿದಿತ್ತು. ಕಲ್ಲೂರಿನದು ಮಾತ್ರ ಒಂದೇ ತಿಂಗಳಲ್ಲಿ, ಒಂದು ಹನಿ ಮಳೆಯಿಲ್ಲದೆ, ತಳಕ್ಕೆ ಬಿದ್ದಿತ್ತು. ಎರಡು ವರ್ಷವೂ ಹಾಗೆಯೇ. ಸರ್ ವಾರಗಟ್ಟಲೆ ಯೋಚಿಸಿ ಒಂದು ಕಾರಣ ಕಂಡುಹಿಡಿದರು. ಕರಿಮಣ್ಣು ಬೆಳಗಿನ ತೇವದಲ್ಲಿ ಎಲೆಯೊಳಗಿನ ಪೊಟ್ಯಾಷ್ ಎಳೆದುಕೊಳ್ಳುತ್ತದೆ, ಹೀಗಾಗಿ ಉದುರಿದ ಎಲೆ ಅಲ್ಲೇ ಪೊಳ್ಳಾಗುತ್ತದೆ ಎಂದು. ಆ ವಿಚಾರದ ಮೇಲೆ ಪ್ರಬಂಧದ ದೊಡ್ಡ ಅಧ್ಯಾಯವೇ ನಿಂತಿತು. ಪಿಎಚ್.ಡಿ. ಮಾಡಿಸುತ್ತಿದ್ದ ಗೈಡಿಗೂ ಅದು ಹಿಡಿಸಿತು. ಸರ್ ಖುದ್ದು ಕಲ್ಲೂರಿಗೆ ಬಂದು ಇಮಾಮ್‌ಸಾಬನಿಗೆ, "ಈ ಎಲಿ ಹೊತ್ತು ಹೊಲಕ್ಕ ಹಾಕಬ್ಯಾಡ್ರಿ, ಅದರಾಗ ಏನೂ ಉಳಿದಿರೂದಿಲ್ಲ. ಸುಟ್ಟುಬಿಡ್ರಿ" ಎಂದು ಹೇಳಿ ಹೋದರು.

ಮುಂದಿನ ತಿಂಗಳು ನಾನು ಹೋದಾಗ ಇಮಾಮ್‌ಸಾಬ ಸಂತೆಗೆ ಹೋಗಿದ್ದ. ಆ ವರ್ಷದ ಹೊಸ ಎಲೆಯ ಚೀಲ ಎತ್ತಿ, ಎಂದಿನಂತೆ ಬಕೆಟ್ ಮುಂದೆ ಕೂತು ನೆನೆಹಾಕಿದೆ. ಖಾಜಾಬಿ ಹೊಸ್ತಿಲ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ಆಚಾರ್ರ, ನಿಮ್ಮ ಸಾಹೇಬ್ರು ಎಲಿಯಾಗ ಏನೂ ಇಲ್ಲಂತ ಹೇಳಿ ಹೋದ್ರಲ್ರಿ."

"ಹೌದ್ ಯವ್ವಾ. ಪರೀಕ್ಷಾ ಮಾಡಿ ನೋಡೀವಿ."

"ಹಂಗಾರ ನನ್ನ ಹೀರಿಬಳ್ಳಿಗೆ ಏನ್ ಹತ್ತೇದ್ರಿ?"

ನಾನು ತಲೆಯೆತ್ತಿ ನೋಡಿದೆ. ಅವಳ ಅಂಗಳದಲ್ಲಿ ಎರಡು ಹೀರೇಬಳ್ಳಿ ಇದ್ದವು. ಒಂದು ಬಾವಿಯ ಹತ್ತಿರ, ಇನ್ನೊಂದು ಬಚ್ಚಲ ಪಕ್ಕ. ಬಾವಿಯ ಹತ್ತಿರದ್ದು ದಿನಾ ಬಾವಿ ನೀರು ಕುಡಿದೂ ಹಳದಿ ಎಲೆ ಹೊತ್ತು ಒಣಕಲಾಗಿ ನಿಂತಿತ್ತು. ಬಚ್ಚಲ ಪಕ್ಕದ್ದು ಹಂದರ ಹತ್ತಿ, ಮಾಳಿಗೆ ಹತ್ತಿ, ಕಾಯಿ ಬಿಟ್ಟು ಜೋತಾಡುತ್ತಿತ್ತು.

"ಬಚ್ಚಲ ನೀರ್ ಕುಡದಿರ್ತದ ಬಿಡ್ರಿ" ಎಂದೆ.

"ಬಚ್ಚಲ ನೀರ್ ಆ ಕಡಿ ಹರೀತದ, ಈ ಕಡಿ ಅಲ್ಲ. ನಾ ಇದಕ್ಕ ಹಾಕೂದು ನಿಮ್ಮ ಬಕೀಟಿನ ನೀರು. ಮೂರ್ ನಾಕ್ ದಿನ ಇಟ್ಗೊಂಡ್ ಹಾಕ್ತೀನಿ. ನಾ ಓದಿದಾಕಿ ಅಲ್ರಿ. ಆದ್ರ ಚಹಾಪುಡಿ ಕುದಿಸಿ ಸೋಸಿದ ಮ್ಯಾಲ ಚರಟದಾಗ ಏನೂ ಇರೂದಿಲ್ಲ ಅನ್ನೂದು ನನಗೂ ಗೊತ್ತದ. ನೀವು ಸೋಸಿದ್ದು ನನಗ ಕೊಟ್ಟು ಚರಟ ಒಯ್ದು ಸಾಹೇಬ್ರಿಗೆ ಕೊಡ್ತೀರಿ."

ಅವಳು ಅದನ್ನು ಚೇಷ್ಟೆಗೆ ಹೇಳಿದಳು. ನನ್ನ ಕೈ ಬಕೆಟ್ಟಿನೊಳಗೇ ಇತ್ತು. ನೀರು ಆಗಲೇ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರನ್ನು ತಾಯಿ ಒಂದು ದಿನವೂ ಮೋರಿಗೆ ಚೆಲ್ಲಿದವರಲ್ಲ, ಆಕಳ ಬಾನಿಗೆ ಹಾಕುತ್ತಿದ್ದರು. ಅಷ್ಟು ನೋಡಿ ಬೆಳೆದವನಿಗೆ ಎರಡು ವರ್ಷ ಈ ನೀರು ಕಾಣಲಿಲ್ಲ. ಬಕೆಟ್ಟಿನಿಂದ ಕೈ ತೆಗೆದೆ. "ಯವ್ವಾ, ಕುಡೀಲಿಕ್ಕೆ ನೀರ್ ಕೊಡ್ರಿ" ಎಂದೆ. ಎರಡು ವರ್ಷ ಅವರ ಬಾವಿಯ ನೀರಿನಿಂದ ಎಲೆ ಶುದ್ಧ ಮಾಡಿದ್ದೆನೇ ಹೊರತು ಆ ಮನೆಯಲ್ಲಿ ಒಂದು ಗುಟುಕು ಕುಡಿದವನಲ್ಲ. ಮನೆಯಿಂದ ತಂಬಿಗೆ ಕಟ್ಟಿಕೊಂಡು ಹೋಗುತ್ತಿದ್ದೆ. ಖಾಜಾಬಿ ನನ್ನ ಮುಖ ನೋಡಿ, ಎದ್ದು ಚರಿಗೆ ತೊಳೆದು ನೀರು ತಂದುಕೊಟ್ಟಳು. ಕುಡಿದೆ. ಸ್ವಲ್ಪ ಸವುಳು ನೀರು.

ಎರಡು ಸೀಸೆ ತುಂಬಿಕೊಂಡು ರಾಯಚೂರಿಗೆ ಬಂದೆ. ಒಂದರಲ್ಲಿ ಬರೀ ಬಾವಿ ನೀರು, ಇನ್ನೊಂದರಲ್ಲಿ ಎಲೆ ತೊಳೆದ ನೀರು. ಮರುದಿನ ಸರ್ ಕಚೇರಿಯ ಕೆಲಸದ ಮೇಲೆ ಹೊರಗೆ ಹೋಗಿದ್ದಾಗ ಫ್ಲೇಮ್ ಫೋಟೋಮೀಟರ್ ಹಚ್ಚಿದೆ. ಅದು ನೀರನ್ನು ಗ್ಯಾಸಿನ ಉರಿಗೆ ಚಿಮುಕಿಸಿ ಅದರಲ್ಲಿ ಪೊಟ್ಯಾಷ್ ಎಷ್ಟಿದೆ ಎಂದು ಮುಳ್ಳಿನ ಮೇಲೆ ತೋರಿಸುವ ಯಂತ್ರ. ಬಾವಿ ನೀರಿಗೆ ಮುಳ್ಳು ಒಂಚೂರು ಅಲ್ಲಾಡಿತು. ಎಲೆ ತೊಳೆದ ನೀರಿಗೆ ಕೊನೆಯ ತನಕ ಹೋಗಿ ಬಡಿದು ನಿಂತಿತು. ಅದು ಆಡಿನ ಹಿಕ್ಕಿಯದ್ದಿರಬಹುದು ಎಂದು ಆಸೆಯಿಂದ ಅಂದುಕೊಂಡೆ. ಚೀಲಕ್ಕೆ ತುಂಬಲೆಂದು ಮರದಿಂದಲೇ ಉದುರಿಸಿ ಲ್ಯಾಬಿನ ಗೋಣಿಚೀಲದಲ್ಲಿ ಇಟ್ಟಿದ್ದ ಸ್ವಚ್ಛ ಎಲೆ, ನೆಲ ಮುಟ್ಟದ ಎಲೆ ತೆಗೆದು ಬಟ್ಟಿ ಇಳಿಸಿದ ನೀರಿನಲ್ಲಿ ಕಾಲು ಗಂಟೆ ನೆನೆಹಾಕಿ ಆ ನೀರನ್ನೂ ನೋಡಿದೆ. ಮುಳ್ಳು ಮತ್ತೆ ಹೋಗಿ ಬಡಿಯಿತು.

ಕರಿಮಣ್ಣು ಏನನ್ನೂ ಎಳೆದುಕೊಂಡಿರಲಿಲ್ಲ. ಎಳೆದುಕೊಂಡಿದ್ದು ನನ್ನ ಬಕೆಟ್.

ಎರಡು ದಿನ ನಾನು ಬಾಯಿ ಬಿಡಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಎಲೆಯ ಸಾರ ಬಕೆಟ್ಟಿಗೆ ಹೋಗಿದೆ ಎಂದು ಗೊತ್ತಿದ್ದವರು ನಾನು, ಖಾಜಾಬಿ ಇಬ್ಬರೇ. ಸರ್ ಆ ದಿನಗಳಲ್ಲಿ ಬಹಳ ಖುಷಿಯಲ್ಲಿದ್ದರು. ಟ್ರೇಸಿಂಗ್ ಪೇಪರಿನ ಮೇಲೆ ಅದೇ ಗ್ರಾಫನ್ನು ಇಂಕಿನಲ್ಲಿ ತಿದ್ದುತ್ತ, ಮಗಳು ಬರೆದ ಕಾಗದ ನನಗೂ ಓದಿ ಹೇಳಿದರು. "ದಸರಾಕ್ಕ ನಾ ಪೂರ್ತಿ ಧಾರವಾಡದಾಗೇ ಇರ್ತೀನಿ ಅಂತ ಬರದೀನಿ ಆಚಾರ್ರ. ಕುಣಿದಾಡಿ ಬಿಟ್ಟಾಳಂತ" ಎಂದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಶಿಫಾರಸು ಬರೆಯಬೇಕಾದವರೂ ಅವರೇ ಎಂಬುದೂ ತಲೆಯಲ್ಲಿತ್ತು.

ಮೂರನೇ ದಿನ ಬೆಳಗ್ಗೆ ಸರ್ ಒಂದು ಹಾಳೆ ಕೊಟ್ಟರು. ರೈತರಿಗೆ ಹಂಚುವ ತಿಳಿವಳಿಕೆ ಪತ್ರ, ಅಚ್ಚಿಗೆ ಹೋಗಬೇಕಾಗಿತ್ತು. ನನ್ನ ಅಕ್ಷರ ದುಂಡಗೆಂದು ಅಂಥವನ್ನೆಲ್ಲ ನನ್ನಿಂದಲೇ ಸಾಫು ಪ್ರತಿ ಬರೆಸುತ್ತಿದ್ದರು. ಬರೆಯುತ್ತ ಬಂದೆ. "ಕರಿಮಣ್ಣಿನ ರೈತರು ಬಳ್ಳಾರಿ ಜಾಲಿಯ ಎಲೆಯನ್ನು" ಎಂಬಲ್ಲಿಗೆ ಪೆನ್ನು ನಿಂತಿತು. ಮುಂದಿನ ಪದ "ಸುಟ್ಟುಹಾಕಬಹುದು" ಎಂದಿತ್ತು. ಅದನ್ನು ನನ್ನ ಕೈಯಿಂದ ಬರೆಯಲು ಆಗಲಿಲ್ಲ. ಹಾಳೆ ಹಿಡಿದುಕೊಂಡು ಅವರ ಟೇಬಲ್ಲಿನ ಮುಂದೆ ನಿಂತು, "ಸರ್, ಕಲ್ಲೂರಿನ ಎಲಿ ನಾ ನೀರಾಗ ತೊಳೀತಿದ್ದೆ" ಎಂದೆ.

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. "ಯಾವಾಗ?"

"ಮೊದಲಿಂದಾನೂ ಸರ್. ಎಲ್ಲಾ ತಿಂಗಳೂ."

ಬಳ್ಳಿಯ ಮಾತು ಹೇಳಿದೆ. ಅವರು ತಲೆ ಅಲ್ಲಾಡಿಸಿ, "ಹೀರಿಬಳ್ಳಿ ಪುರಾವೆ ಅಲ್ಲ. ಹಿಕ್ಕಿ ನೀರು ಕುಡದು ಬೆಳದಿರಬೇಕು" ಎಂದರು. ಆ ಧ್ವನಿಯಲ್ಲಿದ್ದ ಆಸೆ ನನಗೆ ಚೆನ್ನಾಗಿ ಗೊತ್ತಿತ್ತು, ಎರಡು ದಿನದ ಹಿಂದೆ ನನ್ನಲ್ಲೂ ಅದೇ ಇತ್ತು. ಮೂರು ನೀರಿನ ಅಂಕಿ ಬರೆದ ಚೀಟಿ ಮುಂದಿಟ್ಟೆ. ಅವರು ಓದಿದರು. ಇಂಕಿನ ಪೆನ್ನಿನ ಟೋಪಿ ಹಾಕಿದರು. ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತರು. ಊಟದ ಹೊತ್ತಾದರೂ ಖಾನಾವಳಿಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಒಳಗೆ ಬಂದವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕೇಳಿದ್ದು ಇಷ್ಟೇ, "ರಾಯಚೂರಿಂದು, ಗೂಗಲ್ದು?"

"ಅವು ಬ್ರಷ್ ಮಾಡಿದ್ದು ಸರ್. ನೀರು ಮುಟ್ಟಿಸಿಲ್ಲ."

"ಕಲ್ಲೂರು ಹೊಸದಾಗಿ ಇಡೂಣು. ಎಲಿ ಇನ್ನೂ ಉದುರಲಿಕ್ಕತ್ತಾವ" ಎಂದರು. ಗೋಡೆಗೆ ಅಂಟಿಸಿದ್ದ ಗ್ರಾಫನ್ನು ಹರಿಯದಂತೆ ನಿಧಾನಕ್ಕೆ ಬಿಡಿಸಿ ಸುರುಳಿ ಸುತ್ತಿ ಕಪಾಟಿನೊಳಗಿಟ್ಟರು. ತಿಳಿವಳಿಕೆ ಪತ್ರ ಅಚ್ಚಿಗೆ ಹೋಗಲಿಲ್ಲ. ಒಂದು ವಾರ ಕೆಲಸದ ಮಾತು ಬಿಟ್ಟು ನನ್ನ ಜೊತೆ ಬೇರೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾವಾಗಿಯೇ, "ನಾನೂ ಒಮ್ಮೆರೆ ಕೇಳಲಿಲ್ಲ ನೋಡ್ರಿ, ಕರಿಮಣ್ಣಿನ ಸ್ಯಾಂಪಲ್ ಅಷ್ಟು ಸ್ವಚ್ಛ ಹೆಂಗ ಬರ್ತಾವಂತ. ಶಾಭಾಶ್ ಅಂದು ಸುಮ್ಮನಾದೆ" ಎಂದರು.

ಮತ್ತೆ ಮೊದಲಿನಿಂದ ಶುರು. ಚೀಲ ಇಡಲು ಸರ್ ಕೂಡ ಜೊತೆಗೆ ಬಂದರು. ಹಿಕ್ಕಿಯನ್ನು ನೀರಿಲ್ಲದೆ ಹೇಗೆ ತೆಗೆಯುವುದು ಎಂದು ನಾವಿಬ್ಬರೂ ಬಗೆಬಗೆಯ ಬ್ರಷ್ಷು ಹಿಡಿದು ಚರ್ಚಿಸುತ್ತಿದ್ದೆವು. ಖಾಜಾಬಿ ಕೇಳುವ ತನಕ ಕೇಳಿ, "ಇಷ್ಟ್ ಮುಳ್ಳಿನ ಗಿಡದ ಕೆಳಗ ನಿಂತೀರಿ. ನಾಕ್ ಟೊಂಗಿ ಕಡದು ಸುತ್ತ ಹಚ್ಚಿದ್ರ ಆಡು ಯಾಕ ಬರ್ತಾವ್ರಿ?" ಎಂದಳು. ಸರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರು ಪದವೀಧರರು ಎರಡು ವರ್ಷ ಆಡಿನ ಹಿಕ್ಕಿ ಹೊತ್ತಿದ್ದೆವು. ಅದೇ ದಿನ ಜಾಲಿ ಮುಳ್ಳಿನ ಬೇಲಿ ಹಚ್ಚಿದೆವು. ಧೂಳು ತೆಗೆಯಲು ಅವಳ ಮನೆಯ ಹಿಟ್ಟಿನ ಸಾಣಿಗೆ ಸಾಕಾಯಿತು.

ಆ ಬೇಸಿಗೆ ಪೂರ್ತಿ ಕಲ್ಲೂರಿನ ಪೊಟ್ಯಾಷ್ ಎಲೆಯಲ್ಲೇ ಉಳಿಯಿತು. ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಹೋಗಿ ಚೀಲ ತಂದು ನೋಡಿದರೆ ಬಹುಪಾಲು ಹೋಗಿತ್ತು. ನಾನು ಬಕೆಟ್ಟಿನಲ್ಲಿ ಮಾಡಿದ್ದನ್ನೇ ಮಳೆ ಹೊಲದ ಮೇಲೆ ಮಾಡಿತ್ತು. ಹಾಗಾಗಿ ರೈತರಿಗೆ ಹೇಳಬೇಕಾದದ್ದು ಸರಳವಾಯಿತು. ಎಲೆ ಸುಡಬೇಡಿ, ಮಳೆಗೆ ಮುಂಚೆ ಗುಡಿಸಿ ಹೊಲಕ್ಕೆ ಹಾಕಿ. ಇಮಾಮ್‌ಸಾಬನಿಗೆ ಅದನ್ನು ಹೇಳಲು ಹೋದಾಗ ಅವನು, "ನಮ್ಮಪ್ಪನೂ ಹಂಗೇ ಹಾಕ್ತಿದ್ನಲ್ರಿ. ನೀವು ಬ್ಯಾಡಂದ್ರಿ ಅಂತ ಬಿಟ್ಟಿದ್ದೆ" ಎಂದ. ಸರ್ ಅವನಿಗೆ ಕೈಮುಗಿದು ತಪ್ಪಾಯಿತು ಎಂದರು. ಒಬ್ಬ ಅಧಿಕಾರಿ ರೈತನ ಮುಂದೆ ಹಾಗೆ ಹೇಳಿದ್ದನ್ನು ನನ್ನ ನೌಕರಿಯಲ್ಲಿ ಮತ್ತೆ ನೋಡಲಿಲ್ಲ.

ಧಾರವಾಡದ ಹುದ್ದೆ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಆ ದಸರಾಕ್ಕೂ ಮುಂದಿನ ಎರಡು ದಸರಾಕ್ಕೂ ಸರ್ ಎರಡೆರಡು ದಿನದ ರಜೆಯ ಮೇಲೆ ಹೋಗಿ ಬಂದರು. ಅವರಿಗೆ ಅಲ್ಲಿ ಇನ್ನೊಂದು ಜಾಗ ಸಿಗುವ ಹೊತ್ತಿಗೆ ಮಗಳು ಹೈಸ್ಕೂಲು ಸೇರಿದ್ದಳು. ಅವರು ಒಂದು ದಿನವೂ ಇದನ್ನು ಎತ್ತಿ ಆಡಲಿಲ್ಲ. ನನ್ನ ಶಿಫಾರಸನ್ನೂ ಚೆನ್ನಾಗಿಯೇ ಬರೆದರು. ಆದರೆ ಆ ವರ್ಷಗಳನ್ನು ನಾನು ಆ ಹುಡುಗಿಯಿಂದ ಕಿತ್ತುಕೊಂಡೆ ಎಂಬ ನೋವು ನನಗೆ ಇವತ್ತಿಗೂ ಹೋಗಿಲ್ಲ.

ರಾಯಚೂರು ಬಿಡುವ ಮುಂಚೆ ಅವರು ರಟ್ಟು ಹಾಕಿದ ಪ್ರಬಂಧದ ಒಂದು ಪ್ರತಿ ನನಗೆ ಕೊಟ್ಟರು. ಒಂದು ಪುಟ ತೆಗೆದು ಒಂದು ಸಾಲಿನ ಕೆಳಗೆ ಬೆರಳಿಟ್ಟರು. ಕಲ್ಲೂರಿನ ಮೊದಲ ಎರಡು ವರ್ಷದ ಮಾದರಿಗಳನ್ನು ನೀರಿನಲ್ಲಿ ತೊಳೆಯಲಾಗಿದ್ದರಿಂದ ಅವುಗಳ ಅಂಕಿಗಳನ್ನು ಕೈಬಿಡಲಾಗಿದೆ ಎಂಬ ಅರ್ಥದ ಇಂಗ್ಲಿಷ್ ಸಾಲು.

"ಯಾರ್ ತೊಳದ್ರು ಅಂತ ಬರದಿಲ್ಲಲ್ರಿ ಸರ್" ಎಂದೆ.

"ನೀವು ನೀರಾಗ ತೊಳದ್ರಿ, ನಾ ಶಾಭಾಶ್ ಅಂತ ತೊಳದೆ. ಇಬ್ಬರ ಹೆಸರೂ ಹಾಕಿದ್ರ ಸಾಲು ಉದ್ದಾಗ್ತದ" ಎಂದು ನಕ್ಕರು.

ಆ ಪುಸ್ತಕ ತೆಗೆದುಕೊಂಡು ಕಲ್ಲೂರಿಗೆ ಹೋದೆ. ಕೆಲಸವಿರಲಿಲ್ಲ, ಬಸ್ಸಿನಲ್ಲಿ ಹೋದೆ, ತಂಬಿಗೆ ಕಟ್ಟಿಕೊಂಡು ಹೋಗಲಿಲ್ಲ. ಖಾಜಾಬಿ ನೀರು ಕೊಟ್ಟಳು, ಆಮೇಲೆ ಚಹಾ ಕೊಟ್ಟಳು. ಪುಸ್ತಕವನ್ನು ಸೆರಗಿನಿಂದ ಒರೆಸಿದ ಕೈಯಲ್ಲಿ ಹಿಡಿದು ಹಾಳೆ ತಿರುವಿ ನೋಡಿದಳು. ಆ ಸಾಲನ್ನು ಕನ್ನಡದಲ್ಲಿ ಹೇಳಿದೆ.

"ಇದರಾಗ ನನ್ನ ಹೀರಿಬಳ್ಳಿ ಅದ ಏನ್ರಿ?"

"ಇಲ್ಲ ಯವ್ವಾ."

"ಮತ್ತ ತೊಳದಿದ್ದು ತಪ್ಪು ಅಂತ ನಿಮಗ ಹೆಂಗ ಗೊತ್ತಾತು ಅಂತ ಯಾರರೆ ಕೇಳಿದ್ರ ಏನ್ ಹೇಳ್ತೀರಿ?"

ನಾನು ಚಹಾ ಮುಗಿಸಿ ಬಸ್ಸಿಗೆ ಎದ್ದೆ. ಮೊನ್ನೆ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಆ ಪ್ರಬಂಧ ಓದಿಕೊಂಡು ಬಂದು ಅದೇ ಸಾಲು ತೋರಿಸಿ, ಅದೇ ಪ್ರಶ್ನೆ ಕೇಳಿದಳು. ಖಾಜಾಬಿ ತೀರಿಕೊಂಡು ಬಹಳ ವರ್ಷವಾಯಿತು. ಆವತ್ತು ಅವಳ ಅಂಗಳದಲ್ಲಿ ಕೂತು ಹೇಳದೆ ಉಳಿದದ್ದನ್ನು ಆ ಹುಡುಗಿಗೆ ಹೇಳಿದೆ, ಇಲ್ಲಿ ಬರೆದೂ ಇಟ್ಟಿದ್ದೇನೆ. ಕಲ್ಲೂರಿನ ಖಾಜಾಬಿ ಹೇಳಿದಳು, ನಮಗೆ ಗೊತ್ತಾಯಿತು.